ವಿದ್ಯಾರ್ಥಿಗಳು ಕೊಡುವ ಉಚಿತ ಕಾನೂನು ಸಲಹೆ: ಸಹಿ ಯಾರದು, ಗಡುವು ಎಂದು?

ಪ್ರಶ್ನೆ: ತಾಲ್ಲೂಕು ಕೇಂದ್ರದ ಕಾನೂನು ಕಾಲೇಜೊಂದರಲ್ಲಿ ಪೂರ್ಣಾವಧಿ ಅಧ್ಯಾಪಕಿಯಾಗಿದ್ದೇನೆ. ನಮ್ಮಲ್ಲಿ ಕಾನೂನು ನೆರವು ಕೇಂದ್ರದ ಬೋರ್ಡು ಇದೆ, ವರ್ಷಕ್ಕೆ ಎರಡು ಮೂರು ಅರಿವು ಶಿಬಿರ ಮಾಡುತ್ತೇವೆ. ಶಿಬಿರ ಮುಗಿದ ಮೇಲೆ ಜನ ಪಹಣಿ, ನೋಟಿಸು, ಬ್ಯಾಂಕಿನ ಕಾಗದ ಹಿಡಿದು ಬಂದು ಕೇಳುತ್ತಾರೆ. ನಾವು "ವಕೀಲರನ್ನು ನೋಡಿ" ಎಂದು ಕಳಿಸಿಬಿಡುತ್ತೇವೆ. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ನಿಜವಾಗಿ ಸಲಹೆ ಕೊಡುವ ಕೇಂದ್ರ ನಡೆಸಬಹುದೇ? ಅದು ಕಾನೂನುಬಾಹಿರವೇ? ತಪ್ಪು ಸಲಹೆ ಹೋದರೆ ಹೊಣೆ ಯಾರದು? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಡೆಸಬಹುದು. ನಡೆಸಲೇಬೇಕು ಎನ್ನುತ್ತದೆ ನಿಯಮ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪ್ರತಿ ಕಾನೂನು ಕಾಲೇಜೂ ಹಿರಿಯ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ, ಅಂತಿಮ ವರ್ಷದ ವಿದ್ಯಾರ್ಥಿಗಳ ಮೂಲಕ, ಕಾನೂನು ಸೇವೆಗಳ ಪ್ರಾಧಿಕಾರದ ಸಹಕಾರದೊಂದಿಗೆ ನೆರವು ಕೇಂದ್ರ ನಡೆಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 4ನೇ ಕಲಂ ಕಾಲೇಜುಗಳಲ್ಲಿ ಇಂಥ ಕೇಂದ್ರಗಳನ್ನು ಬೆಳೆಸುವ ಹೊಣೆಯನ್ನು ರಾಷ್ಟ್ರೀಯ ಪ್ರಾಧಿಕಾರಕ್ಕೇ ವಹಿಸಿದೆ. ಆ ಪ್ರಾಧಿಕಾರ 2013ರಲ್ಲಿ ವಿಶ್ವವಿದ್ಯಾಲಯ ಮತ್ತು ಕಾನೂನು ಕಾಲೇಜುಗಳ ಇಂಥ ನೆರವು ಕೇಂದ್ರಗಳಿಗೆಂದೇ ಪ್ರತ್ಯೇಕ ಯೋಜನೆಯನ್ನೂ ಮಾಡಿದೆ. ನಿಮ್ಮ ಬೋರ್ಡಿನ ಹಿಂದೆ ಇಷ್ಟು ಬಲವಿದೆ.

ನಿಮ್ಮ ಭಯಕ್ಕೂ ಕಾರಣವಿದೆ. 1961ರ ವಕೀಲರ ಅಧಿನಿಯಮದ ಪ್ರಕಾರ ವಕೀಲಿ ವೃತ್ತಿ ನಡೆಸುವ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ. ವೃತ್ತಿ ಎಂದರೆ ಕೋರ್ಟಿನಲ್ಲಿ ನಿಂತು ವಾದಿಸುವುದಷ್ಟೇ ಅಲ್ಲ, ಅಭಿಪ್ರಾಯ ಕೊಡುವುದೂ ಪತ್ರಗಳ ಕರಡು ಬರೆಯುವುದೂ ಅದರಲ್ಲೇ ಸೇರಿದೆ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಹೇಳಿದೆ. ಹಾಗಾದರೆ ವಿದ್ಯಾರ್ಥಿ ಮಾಡಬಹುದಾದ್ದೇನು? ಕೇಳಬಹುದು, ಬರೆದುಕೊಳ್ಳಬಹುದು, ಕಾಗದ ಓದಬಹುದು, ಕಾನೂನು ಹುಡುಕಬಹುದು, ಕರಡು ಮಾಡಬಹುದು, ವಕೀಲರು ಒಪ್ಪಿದ ಉತ್ತರವನ್ನು ಓದಿ ವಿವರಿಸಬಹುದು. ಸಲಹೆ ಮಾತ್ರ ವಕೀಲರದು, ಅವರ ಸಹಿಯಲ್ಲೇ ಹೊರಗೆ ಹೋಗಬೇಕು. ಈ ಒಂದು ಗೆರೆ ಅಳಿಸಿಹೋಗದಂತೆ ನೋಡಿಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆ. ಹೊಣೆ ಸಹಿ ಹಾಕಿದವರದು. ಹೊಣೆ ಹೊರುವುದರಿಂದಲೇ ಅವರು ಓದಿ ಸಹಿ ಹಾಕುತ್ತಾರೆ.

ಇಲ್ಲಿಯೇ ಹೆಚ್ಚಿನ ಕಾಲೇಜುಗಳು ಎಡವುವುದು. ನೀವು ಪೂರ್ಣಾವಧಿ ಸಂಬಳದ ಅಧ್ಯಾಪಕಿ. ವಕೀಲರ ಪರಿಷತ್ತಿನ 49ನೇ ನಿಯಮ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡುವುದನ್ನು ತಡೆಯುತ್ತದೆ. ಹಿಂದೆ ಸನ್ನದು ಪಡೆದಿದ್ದರೂ ಈಗ ಅದರ ಮೇಲೆ ನೀವು ಸಹಿ ಹಾಕುವಂತಿಲ್ಲ. ಆದ್ದರಿಂದ ನಿಮ್ಮ ಕೇಂದ್ರಕ್ಕೆ ಇಬ್ಬರು ಮೇಲ್ವಿಚಾರಕರು ಬೇಕು. ವಿದ್ಯಾರ್ಥಿಗಳ ಕಲಿಕೆ, ಹಾಜರಿ, ಕಡತಗಳ ಶಿಸ್ತು ನಿಮ್ಮ ಪಾಲು. ಕಾನೂನು ಅಭಿಪ್ರಾಯ ವೃತ್ತಿನಿರತ ವಕೀಲರ ಪಾಲು. ಆ ವಕೀಲರು ಎರಡು ಕಡೆ ಸಿಗುತ್ತಾರೆ. ಒಂದು, ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಪ್ಯಾನಲ್, ಅಂದರೆ ಉಚಿತ ನೆರವಿಗೆಂದು ಸಮಿತಿ ಆರಿಸಿಟ್ಟುಕೊಂಡ ವಕೀಲರ ಪಟ್ಟಿ. ಇನ್ನೊಂದು, ನಿಮ್ಮ ಕಾಲೇಜಿನಲ್ಲೇ ಅರೆಕಾಲಿಕ ಪಾಠ ಮಾಡುವ ವಕೀಲರು. ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಬೋಧಿಸಲು ವಕೀಲರಿಗೆ ಅವಕಾಶವಿರುವುದರಿಂದ ಈ ಎರಡನೆಯ ದಾರಿ ಸಲೀಸು. ಇಬ್ಬರನ್ನು ಹುಡುಕಿ, ಒಬ್ಬರನ್ನಲ್ಲ. ಒಬ್ಬರೇ ಇದ್ದರೆ ಅವರ ಒಂದು ದೊಡ್ಡ ಕೇಸಿನ ಸಾಕ್ಷಿ ವಿಚಾರಣೆ ಬಂದ ವಾರ ನಿಮ್ಮ ಕೇಂದ್ರಕ್ಕೆ ಬೀಗ ಬೀಳುತ್ತದೆ.

ತಾಲ್ಲೂಕು ಸಮಿತಿಯ ಅಧ್ಯಕ್ಷರು ಅಲ್ಲಿನ ಹಿರಿಯ ನ್ಯಾಯಾಧೀಶರು. ಪ್ರಾಚಾರ್ಯರ ಪತ್ರ ಹಿಡಿದು ಅವರನ್ನೂ, ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರನ್ನೂ ನೋಡಿ. ಪತ್ರದಲ್ಲಿ "ಸಹಕಾರ ಕೋರಿ" ಎಂದು ಬರೆದು ಬಿಡಬೇಡಿ, ಕೇಳಬೇಕಾದ್ದನ್ನು ಒಂದೊಂದಾಗಿ ಕೇಳಿ: ಇಂತಿಂಥ ದಿನಕ್ಕೆ ಪ್ಯಾನಲ್ ವಕೀಲರ ನಿಯೋಜನೆ, ಕೇಂದ್ರದಿಂದ ಕಳಿಸಿದ ಅರ್ಜಿಗಳಿಗೆ ಸ್ವೀಕೃತಿ, ಆಸಕ್ತ ವಿದ್ಯಾರ್ಥಿಗಳಿಗೆ ಅರೆಕಾನೂನು ಸ್ವಯಂಸೇವಕರ ತರಬೇತಿ. ಕಾನೂನು ವಿದ್ಯಾರ್ಥಿಗಳು ವಕೀಲರಾಗಿ ನೋಂದಾಯಿಸಿಕೊಳ್ಳುವವರೆಗೆ ಈ ಸ್ವಯಂಸೇವಕರಾಗಿರಬಹುದು. ವಕೀಲರೊಂದಿಗೆ ಒಂದು ಪುಟದ ಒಪ್ಪಂದವೂ ಇರಲಿ. ಅದರಲ್ಲಿ ಎರಡು ಸಾಲು ತಪ್ಪಬಾರದು. ಮೊದಲನೆಯದು, ಈ ವಿದ್ಯಾರ್ಥಿಗಳು ನನ್ನ ಸಹಾಯಕರಾಗಿ, ನನ್ನ ನಿರ್ದೇಶನದಲ್ಲಿ ಕೆಲಸ ಮಾಡುತ್ತಾರೆ ಎಂಬುದು, ವಿದ್ಯಾರ್ಥಿಗಳ ಹೆಸರಿನ ಸಮೇತ. ಎರಡನೆಯದು, ಕೇಂದ್ರಕ್ಕೆ ಬಂದ ಕಕ್ಷಿದಾರರನ್ನು ಫೀಸಿನ ಮೇಲೆ ನನ್ನ ಕಚೇರಿಗೆ ಕರೆದುಕೊಳ್ಳುವುದಿಲ್ಲ ಎಂಬುದು. ಎರಡನೆಯದು ಇಲ್ಲದಿದ್ದರೆ ಆರು ತಿಂಗಳಲ್ಲಿ ಊರಲ್ಲಿ ಬೇರೆ ಮಾತು ಹುಟ್ಟುತ್ತದೆ, ಆಮೇಲೆ ಯಾರೂ ಬರುವುದಿಲ್ಲ.

ಮೊದಲನೆಯ ಸಾಲಿನ ಬೆಲೆ ಗೋಪ್ಯತೆಯಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕಕ್ಷಿದಾರ ವಕೀಲರಿಗೆ ಹೇಳಿದ ಮಾತಿಗೆ ರಕ್ಷಣೆ ಕೊಡುತ್ತದೆ. ಆ ರಕ್ಷಣೆ ವಕೀಲರ ಗುಮಾಸ್ತರಿಗೆ, ನೌಕರರಿಗೆ, ಭಾಷಾಂತರ ಮಾಡುವವರಿಗೆ ಅನ್ವಯಿಸುತ್ತದೆ ಎಂದು ಅಲ್ಲೇ ಹೇಳಿದೆ. ವಿದ್ಯಾರ್ಥಿ ಎಂಬ ಪದ ಅಲ್ಲಿಲ್ಲ. ವಕೀಲರ ಕೈಕೆಳಗೆ ಕೆಲಸ ಮಾಡುವವರು ಎಂಬುದು ಕಾಗದದಲ್ಲಿದ್ದರೆ ನಿಲ್ಲಲು ಒಂದು ನೆಲ ಇರುತ್ತದೆ.

ಇನ್ನು ದಿನ ಮತ್ತು ಜಾಗ. ಸಂತೆಯ ದಿನ ಇಡಿ. ಹಳ್ಳಿಯವರು ಆ ದಿನ ಹೇಗೂ ಬಂದಿರುತ್ತಾರೆ, ಬೇರೆ ದಿನಕ್ಕೆ ಕರೆದರೆ ಒಂದು ದಿನದ ಕೂಲಿ ಹೋಗುತ್ತದೆ. ಸಂತೆ ಕೆಲಸದ ದಿನವಾಗಿದ್ದರೆ ವಕೀಲರು ಕೋರ್ಟಿನಲ್ಲಿರುತ್ತಾರೆ. ಆಗ ಕೇಳಿ ಬರೆದುಕೊಳ್ಳುವುದು ಬೆಳಿಗ್ಗೆ 11ರಿಂದ 1ರವರೆಗೆ, ವಕೀಲರೊಂದಿಗೆ ಕೂರುವುದು ಅದೇ ದಿನ ಸಂಜೆ, ತುರ್ತಿನದಕ್ಕೆ ಮಧ್ಯಾಹ್ನದ ಊಟದ ವೇಳೆಯಲ್ಲಿ ಫೋನು. ಜಾಗ ನೆಲಮಹಡಿಯಲ್ಲಿರಲಿ, ಬಾಗಿಲು ಹಾಕಿದರೆ ಹೊರಗಿನವರಿಗೆ ಮಾತು ಕೇಳಿಸಬಾರದು. ಗ್ರಂಥಾಲಯದ ಮೂಲೆ ಆಗುವುದಿಲ್ಲ. ಗಂಡ ಹೊಡೆಯುತ್ತಾನೆ ಎಂದು ಹೇಳಬೇಕಾದವಳು ಸುತ್ತ ನಾಲ್ಕು ಜನ ಓದುತ್ತಾ ಕೂತಿದ್ದರೆ "ರೇಷನ್ ಕಾರ್ಡ್ ಬಗ್ಗೆ ಕೇಳೋಣ ಅಂತ ಬಂದೆ" ಎನ್ನುತ್ತಾಳೆ, ಎದ್ದು ಹೋಗುತ್ತಾಳೆ.

ಆರಂಭಕ್ಕೆ 8 ವಿದ್ಯಾರ್ಥಿಗಳು ಸಾಕು, ನಾಲ್ಕು ಜೋಡಿ. ಒಬ್ಬರು ಮಾತಾಡುವುದು, ಇನ್ನೊಬ್ಬರು ಬರೆಯುವುದು. ಒಬ್ಬ ಕಕ್ಷಿದಾರರಿಗೆ 45 ನಿಮಿಷ ಹಿಡಿಯಿರಿ. ಹಾಗಾಗಿ ಎರಡು ಗಂಟೆಯಲ್ಲಿ ಜೋಡಿಗೆ ಇಬ್ಬರು, ಒಟ್ಟು ಎಂಟು ಜನಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಐವತ್ತು ವಿದ್ಯಾರ್ಥಿಗಳ ಹೆಸರು ಬರೆದುಕೊಂಡು ಶುರು ಮಾಡಿದ ಕೇಂದ್ರದಲ್ಲಿ ಯಾರ ಕಡತ ಯಾರ ಬಳಿ ಇದೆ ಎಂಬುದೇ ಮೂರನೇ ವಾರಕ್ಕೆ ತಿಳಿಯದಾಗುತ್ತದೆ.

ಕಕ್ಷಿದಾರರು ಕುಳಿತ ಕೂಡಲೇ ಕಥೆ ಕೇಳಬಾರದು. ಮೊದಲು ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಎದುರು ಪಕ್ಷದವರ ಹೆಸರು, ಜಮೀನಿನ ವಿಷಯವಾದರೆ ಸರ್ವೆ ನಂಬರು. ಇಷ್ಟನ್ನು ಹಳೆಯ ರಿಜಿಸ್ಟರಿನೊಂದಿಗೆ ತಾಳೆ ನೋಡಿ. ಸಣ್ಣ ಊರಿನಲ್ಲಿ ಅಣ್ಣ ಈ ವಾರ ಬಂದರೆ ತಮ್ಮ ಮುಂದಿನ ತಿಂಗಳು ಬರುತ್ತಾನೆ. ಒಬ್ಬನನ್ನು ಮನೆಯಲ್ಲಿ ಕರೆಯುವ ಹೆಸರಿನಲ್ಲಿ, ಇನ್ನೊಬ್ಬನನ್ನು ಆಧಾರ್ ಹೆಸರಿನಲ್ಲಿ ಬರೆದುಕೊಂಡಿರುತ್ತೀರಿ, ಹೆಸರಿನಿಂದ ಗೊತ್ತಾಗುವುದಿಲ್ಲ. ಸರ್ವೆ ನಂಬರು ಮಾತ್ರ ಎರಡೂ ಕಡೆ ಒಂದೇ ಇರುತ್ತದೆ. ಇಬ್ಬರಿಗೂ ಸಲಹೆ ಕೊಟ್ಟರೆ ಇಬ್ಬರ ಗುಟ್ಟೂ ನಿಮ್ಮಲ್ಲಿ ಸೇರಿ ಯಾರ ಕೆಲಸವನ್ನೂ ಮಾಡಲಾಗದ ಸ್ಥಿತಿಗೆ ಬರುತ್ತೀರಿ. ಮೊದಲು ಬಂದವರ ವಿಷಯವನ್ನು ಬಾಯಿ ಬಿಡದೆ, ಎರಡನೆಯವರನ್ನು ತಾಲ್ಲೂಕು ಸಮಿತಿಗೆ ಕಳಿಸಿ. ನೆರವು ಕೇಳಿ ಬಂದವರು ವಿದ್ಯಾರ್ಥಿಯ ಸಂಬಂಧಿಯೋ ಪಕ್ಕದ ಮನೆಯವರೋ ಆಗಿದ್ದರೆ ಜೋಡಿಯನ್ನು ಬದಲಿಸಿ.

ಇದರ ಜೊತೆಗೇ ಇನ್ನೆರಡು ಪ್ರಶ್ನೆ: ಈ ವಿಷಯಕ್ಕೆ ಈಗಾಗಲೇ ವಕೀಲರನ್ನು ಇಟ್ಟಿದ್ದೀರಾ? ಯಾವುದಾದರೂ ಕಾಗದದಲ್ಲಿ ತಾರೀಖು ಕೊಟ್ಟಿದ್ದಾರಾ? ಮೊದಲನೆಯದಕ್ಕೆ ಹೌದು ಎಂದರೆ ವಕಾಲತ್ತು ಹಾಕಿದ ವಕೀಲರನ್ನು ದಾಟಿ ಸಲಹೆ ಕೊಡಬಾರದು. ಎರಡನೆಯದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಆಮೇಲೆ ಹತ್ತು ನಿಮಿಷ ಸುಮ್ಮನೆ ಕೇಳುವುದು. ವಿದ್ಯಾರ್ಥಿಗಳಿಗೆ ಇದೇ ಕಷ್ಟ. ಕಳೆದ ಸೆಮಿಸ್ಟರಿನಲ್ಲಿ ಓದಿದ್ದು ನಾಲಗೆಯ ತುದಿಯಲ್ಲಿರುತ್ತದೆ. "ಅಪ್ಪನ ಜಮೀನಿನಲ್ಲಿ ನನಗೂ ಪಾಲು ಸಿಗುತ್ತಾ?" ಎಂದು ಹೆಂಗಸೊಬ್ಬರು ಕೇಳಿದರೆ "ಸಿಗುತ್ತೆ ಅಮ್ಮ, 2005ರ ತಿದ್ದುಪಡಿ ಇದೆಯಲ್ಲ" ಎನ್ನುತ್ತಾರೆ. ಕಾನೂನು ಸರಿ, ಉತ್ತರ ತಪ್ಪು. ಈ ಒಂದು ಪ್ರಶ್ನೆಯನ್ನು ತರಬೇತಿಯಲ್ಲಿ ಬಿಚ್ಚಿ ತೋರಿಸಿ, ಉಳಿದ ಪ್ರಶ್ನೆಗಳ ಸ್ವಭಾವವೂ ತಿಳಿಯುತ್ತದೆ.

ಮೊದಲು ತಿಳಿಯಬೇಕಾದದ್ದು ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಾದರೆ ಮಗಳಿಗೆ ಹುಟ್ಟಿನಿಂದಲೇ ಹಕ್ಕು. ಹಿಂದೂ ಉತ್ತರಾಧಿಕಾರ ಕಾನೂನಿನ ಆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸ್ಪಷ್ಟ ಮಾಡಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ವಿಭಾಗಪತ್ರವೋ ಕೋರ್ಟಿನ ಡಿಕ್ರಿಯೋ ಆಗಿ ಆಸ್ತಿ ಪಾಲಾಗಿದ್ದರೆ ಆ ಪಾಲನ್ನು ಈ ತಿದ್ದುಪಡಿ ಅಲುಗಿಸುವುದಿಲ್ಲ. ಸ್ವಯಾರ್ಜಿತವಾದರೆ ತಂದೆ ಬದುಕಿರುವವರೆಗೆ ಯಾರಿಗೂ ಹಕ್ಕಿಲ್ಲ. ಉಯಿಲು ಬರೆಯದೆ ತೀರಿಕೊಂಡಿದ್ದರೆ ಮಗಳು, ಮಗ, ಹೆಂಡತಿ, ತಂದೆಯ ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಸಮಪಾಲು. ಉಯಿಲು ಬರೆದಿದ್ದರೆ ಉಯಿಲಿನಲ್ಲಿದ್ದಂತೆ.

ಇಷ್ಟು ಪುಸ್ತಕದಲ್ಲಿದೆ. ಪುಸ್ತಕದಲ್ಲಿಲ್ಲದ್ದು ಇನ್ನೊಂದು ಪ್ರಶ್ನೆ: "ಅಮ್ಮಾ, ಅಣ್ಣಂದಿರು ಯಾವತ್ತಾದರೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿದ್ದರಾ? ಎಲ್ಲಾದರೂ ಸಹಿ, ಹೆಬ್ಬೆಟ್ಟು ಹಾಕಿದ್ದೀರಾ?" ಸಾಲಕ್ಕೆಂದು, ಖಾತೆ ಬದಲಾವಣೆಗೆಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡಿರುವುದುಂಟು. ಹಾಗಿದ್ದರೆ ಮೊದಲ ಪ್ರಶ್ನೆ ಪಾಲಿನದಲ್ಲ, ಆ ಪತ್ರದ್ದು. ಪತ್ರ ರದ್ದು ಮಾಡಿಸುವ ದಾವೆಗೆ, ಮೋಸ ಗೊತ್ತಾದ ದಿನದಿಂದ 3 ವರ್ಷ ಮಾತ್ರ ಕಾಲಾವಕಾಶ. ಯಾವಾಗ ಗೊತ್ತಾಯಿತು, ಯಾರಿಂದ ಗೊತ್ತಾಯಿತು ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಅವರ ಕೈಯಲ್ಲಿರುವ ಪಹಣಿಯ 9ನೇ ಕಲಂನಲ್ಲಿ ಅಣ್ಣನ ಹೆಸರಿರುವುದನ್ನು ನೋಡಿ ಕೈಚೆಲ್ಲುವ ವಿದ್ಯಾರ್ಥಿಗಳೂ ಇದ್ದಾರೆ. ಪಹಣಿ ಮಾಲೀಕತ್ವದ ಪತ್ರವಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಕಲಂ ಪ್ರಕಾರ ಅದು ಬೇರೆ ಪುರಾವೆ ಬರುವವರೆಗೆ ನಿಜವೆಂದು ಭಾವಿಸಬೇಕಾದ ದಾಖಲೆ, ಅಷ್ಟೇ. ಹೆಸರು ಹೇಗೆ ಬಂತು ಎಂದು ತಿಳಿಯಲು ಮ್ಯುಟೇಶನ್ ಪ್ರತಿ ಬೇಕು, ಮಾರಾಟ, ಅಡಮಾನ ಆಗಿದೆಯೇ ಎಂದು ತಿಳಿಯಲು ಋಣಭಾರ ಪತ್ರ ಬೇಕು. ಎರಡನ್ನೂ ತರಲು ಹೇಳಿ ಚೀಟಿ ಬರೆದುಕೊಡಿ. ಎಲ್ಲಿ ಸಿಗುತ್ತದೆ ಎಂಬುದೂ ಚೀಟಿಯಲ್ಲಿರಲಿ: ಮ್ಯುಟೇಶನ್ ಪ್ರತಿಗೆ ತಾಲ್ಲೂಕು ಕಚೇರಿ, ಋಣಭಾರ ಪತ್ರಕ್ಕೆ ಉಪನೋಂದಣಾಧಿಕಾರಿ ಕಚೇರಿ.

ಹಾಗಾಗಿಯೇ ಅದೇ ದಿನ ಬಾಯಿಮಾತಿನ ಉತ್ತರ ಬೇಡ ಎನ್ನುವುದು. "ನಿಮ್ಮ ವಿಷಯ ಬರೆದುಕೊಂಡಿದ್ದೇವೆ, ವಕೀಲರು ನೋಡುತ್ತಾರೆ, ಮುಂದಿನ ವಾರ ಇದೇ ದಿನ ಬನ್ನಿ" ಎಂದು ಹೇಳಿ ಕಳಿಸುವುದು ಕ್ರಮ. ಇದಕ್ಕೆ ಒಂದೇ ಒಂದು ವಿನಾಯಿತಿ ಉಂಟು, ಗಡುವು.

ಚೆಕ್ ಬೌನ್ಸ್ ತೆಗೆದುಕೊಳ್ಳಿ. ಚೆಕ್ ವಾಪಸಾಗಿದೆ ಎಂದು ತಿಳಿಸುವ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ. ಅಷ್ಟರೊಳಗೆ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಕೊನೆಯ ಒಂದು ತಿಂಗಳು ಮೀರಿದರೆ ಸಕಾರಣ ತೋರಿಸಿ ಕೋರ್ಟನ್ನು ಒಪ್ಪಿಸಲು ಸಾಧ್ಯ. ಮೊದಲ 30 ದಿನ ಮೀರಿದರೆ ಆ ಮೆಮೊದ ಮೇಲೆ ಚೆಕ್ ಬೌನ್ಸನ್ನು ಅಪರಾಧವೆನ್ನುವ 138ನೇ ಕಲಂನ ದಾರಿ ಮುಗಿದಂತೆ. ಚೆಕ್ಕಿನ ಅವಧಿ ಇನ್ನೂ ಉಳಿದಿದ್ದು ಮತ್ತೆ ಬ್ಯಾಂಕಿಗೆ ಹಾಕಲು ಬಂದರೆ ಮಾತು ಬೇರೆ. ಈಗ ಮೆಮೊ ಬಂದು 20 ದಿನವಾದ ಮೇಲೆ ಒಬ್ಬರು ನಿಮ್ಮಲ್ಲಿಗೆ ಬಂದರು ಎನ್ನಿ. ನಿಮ್ಮ ಕೇಂದ್ರ ಹದಿನೈದು ದಿನಕ್ಕೊಮ್ಮೆ ಮಾತ್ರ ಕೂರುತ್ತದೆ ಎಂದಿಟ್ಟುಕೊಳ್ಳಿ. "ಮುಂದಿನ ಬಾರಿ ಬನ್ನಿ" ಎಂದ ವಿದ್ಯಾರ್ಥಿ ಕಾನೂನಿನ ಒಂದಕ್ಷರವನ್ನೂ ತಪ್ಪು ಹೇಳಿಲ್ಲ, ಆದರೂ ಅವರ ಒಂದು ದಾರಿ ಮುಚ್ಚಿಹೋಯಿತು. ತಪ್ಪು ಸಲಹೆಗಿಂತ ಹೀಗೆ ಮೀರಿದ ಗಡುವಿಗೇ ಹೆಚ್ಚು ಹೆದರಬೇಕು. ಆದ್ದರಿಂದ ಕೇಂದ್ರ ವಾರಕ್ಕೊಮ್ಮೆ ಕೂರಲಿ. ಕಕ್ಷಿದಾರರು ಬಾಗಿಲು ದಾಟುವ ಮೊದಲು ಅವರ ಕಾಗದಗಳಲ್ಲಿನ ತಾರೀಖುಗಳನ್ನು ಎರಡನೇ ವಿದ್ಯಾರ್ಥಿ ಪ್ರತ್ಯೇಕವಾಗಿ ಓದಲಿ. ಗಡುವಿನ ವಾಸನೆ ಬಂದರೆ ಆಗಲೇ ವಕೀಲರಿಗೆ ಫೋನು ಹೋಗಲಿ.

ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ. ಕೋರ್ಟಿನ ಸಮನ್ಸ್ ಕೈಗೆ ಬಂದಿದ್ದರೆ ಲಿಖಿತ ಹೇಳಿಕೆಗೆ 30 ದಿನ, ಕೋರ್ಟು ಒಪ್ಪಿದರೆ 90ರವರೆಗೆ. ಗ್ರಾಹಕ ದೂರಿಗೆ 2 ವರ್ಷ. ಕೈಸಾಲದ ವಸೂಲಿಗೆ ಸಾಮಾನ್ಯವಾಗಿ 3 ವರ್ಷ. ಮೋಟಾರು ಅಪಘಾತದ ಪರಿಹಾರಕ್ಕೆ 6 ತಿಂಗಳು ಎಂದೇ ಬರೆದುಕೊಳ್ಳಿ. ಮಾಹಿತಿ ಹಕ್ಕಿನಲ್ಲಿ ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ 30, ಎರಡನೆಯದಕ್ಕೆ 90. ರಿಜಿಸ್ಟರಿನಲ್ಲಿ ಗಡುವಿಗೆಂದೇ ಕೆಂಪು ಶಾಯಿಯ ಅಂಕಣ ಇರಲಿ. ಅದರಲ್ಲಿ ನಿಜವಾದ ಕೊನೆಯ ದಿನದ ಜೊತೆಗೆ ಅದಕ್ಕೆ 7 ದಿನ ಮುಂಚಿನ ತಾರೀಖನ್ನೂ ಬರೆಯಿರಿ, ಕೆಲಸ ಮುಗಿಯಬೇಕಾದದ್ದು ಈ ಎರಡನೆಯದಕ್ಕೆ. ಪ್ರತಿ ಸೋಮವಾರ ಒಬ್ಬ ವಿದ್ಯಾರ್ಥಿ ಆ ಅಂಕಣವನ್ನು ಮಾತ್ರ ಓದಿ ಸಹಿ ಹಾಕಬೇಕು.

ಉತ್ತರ ಪತ್ರ ಒಂದು ಪುಟ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ನೀವು ಹೇಳಿದ ಸಂಗತಿ ಇದು, ನಾವು ನೋಡಿದ ಕಾಗದ ಇವು, ನಿಮ್ಮ ಮುಂದಿರುವ ದಾರಿಗಳು ಇವು, ಒಂದೊಂದಕ್ಕೂ ಹೋಗಬೇಕಾದ ಕಚೇರಿ ಇದು, ಕೊನೆಯ ದಿನ ಇಂಥದ್ದು, ಅಲ್ಲಿಯವರೆಗೆ ಮಾಡಬಾರದ್ದು ಇದು. "ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ" ಎಂಬಂಥ ಸಾಲು ಕೆಲವೊಮ್ಮೆ ಉಳಿದ ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕೊನೆಯಲ್ಲಿ ವಕೀಲರ ಸಹಿ, ಕಕ್ಷಿದಾರರಿಗೆ ಒಂದು ಪ್ರತಿ, ಕಡತಕ್ಕೆ ಒಂದು. ಪತ್ರ ಕೈಗೆ ಕೊಟ್ಟು ಕಳಿಸುವುದಲ್ಲ, ಓದಿ ಹೇಳಬೇಕು. ಓದಿದ ಮೇಲೆ "ಅರ್ಥವಾಯಿತಾ?" ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. "ನಾಳೆ ಮೊದಲು ಎಲ್ಲಿಗೆ ಹೋಗುತ್ತೀರಿ, ಏನು ತೆಗೆದುಕೊಂಡು ಹೋಗುತ್ತೀರಿ, ಹೇಳಿ ನೋಡೋಣ" ಎಂದು ಕೇಳಿ. ತಪ್ಪಿದ ಕಡೆ ಮತ್ತೆ ಹೇಳಿ.

ಕರಡು ತಿದ್ದುವುದರಲ್ಲಿ ನಿಮ್ಮ ಪಾತ್ರ ದೊಡ್ಡದು. ವಕೀಲರಿಗೆ ಕೊಡುವ ಮೊದಲು ಪ್ರತಿ ಕರಡನ್ನೂ ನೀವು ಒಮ್ಮೆ ಓದಿ ವಾಪಸು ಕೊಡಿ, ನೀವೇ ತಿದ್ದಿ ಬರೆಯಬೇಡಿ. "ಈ ವಾಕ್ಯಕ್ಕೆ ಆಧಾರ ಯಾವ ಕಾಗದ?" ಎಂದು ಅಂಚಿನಲ್ಲಿ ಕೇಳಿದರೆ ಸಾಕು, ವಿದ್ಯಾರ್ಥಿ ಮತ್ತೆ ಕಡತಕ್ಕೆ ಹೋಗುತ್ತಾನೆ. ಹೊಸ ಕಾನೂನುಗಳ ಕಲಂ ಸಂಖ್ಯೆಯಲ್ಲಿ ಈಗ ತಪ್ಪು ಹೆಚ್ಚು. ಜೀವನಾಂಶಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144, ಎಫ್‌ಐಆರ್‌ಗೆ ಹಳೆಯ 154 ಈಗ 173. ಮಾಹಿತಿ ಹಕ್ಕಿನ ಅರ್ಜಿ ಬರೆಯುವಾಗ ಕರ್ನಾಟಕದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಹುಮ್ಮಸ್ಸಿನ ವಿದ್ಯಾರ್ಥಿ ಎರಡು ಪುಟ ಬರೆಯುತ್ತಾನೆ, ಅರ್ಜಿ ತಿರಸ್ಕಾರವಾಗಿ ಬರುತ್ತದೆ.

ಕೋರ್ಟಿಗೆ ಹೋಗಲೇಬೇಕಾದವರನ್ನು ತಾಲ್ಲೂಕು ಸಮಿತಿಗೆ ಕಳಿಸುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ: ಎಲ್ಲರಿಗೂ ಆದಾಯ ಪ್ರಮಾಣಪತ್ರ ತನ್ನಿ ಎನ್ನುವುದು. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಂ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ಮಾನವ ಸಾಗಣೆ ಮತ್ತು ಜೀತಕ್ಕೆ ಸಿಕ್ಕವರು, ನೆರೆ ಬರ ಮುಂತಾದ ವಿಪತ್ತಿಗೆ ಸಿಕ್ಕವರು ಉಚಿತ ವಕೀಲರನ್ನು ಪಡೆಯಲು ಆದಾಯ ಎಷ್ಟಿದ್ದರೂ ಅಡ್ಡಿಯಿಲ್ಲ. ಆದಾಯ ಮಿತಿ ಉಳಿದವರಿಗೆ ಮಾತ್ರ. ಅವರಿಗೂ 13ನೇ ಕಲಂ ಪ್ರಕಾರ ಸಾಮಾನ್ಯವಾಗಿ ಪ್ರಮಾಣಪತ್ರದ ಬದಲು ಅಫಿಡವಿಟ್ ಸಾಕು. ಕೂಲಿ ಬಿಟ್ಟು ಬಂದ ಹೆಂಗಸನ್ನು ಬೇಡದ ಕಾಗದಕ್ಕಾಗಿ ನಾಡಕಚೇರಿಗೆ ಅಲೆಸಿದರೆ ಆಕೆ ಮತ್ತೆ ಬರುವುದಿಲ್ಲ. ಕಳಿಸುವಾಗ ಬರೀ ವಿಳಾಸ ಕೊಡದೆ, ಸಂಗತಿಯ ಅರ್ಧ ಪುಟದ ಟಿಪ್ಪಣಿ, ಕಾಗದಗಳ ಪಟ್ಟಿ ಜೊತೆಗಿಟ್ಟು ಸ್ವೀಕೃತಿ ಪಡೆಯಿರಿ. ಎರಡು ವಾರದ ನಂತರ ವಕೀಲರ ನೇಮಕವಾಯಿತೇ ಎಂದು ವಿದ್ಯಾರ್ಥಿ ವಿಚಾರಿಸಬೇಕು. ಕೇಂದ್ರ ಮುಚ್ಚಿರುವ ದಿನಗಳಿಗೆ 15100 ಸಹಾಯವಾಣಿಯನ್ನು ಬಾಗಿಲ ಮೇಲೆ ಬರೆಸಿ.

ಮನೆಯೊಳಗಿನ ಹಿಂಸೆಯ ವಿಷಯದಲ್ಲಿ ಫೋನ್ ನಂಬರು ಬರೆದುಕೊಳ್ಳುವಾಗಲೇ ಕೇಳಬೇಕು: ಈ ನಂಬರನ್ನು ಯಾರು ಎತ್ತುತ್ತಾರೆ? ಯಾವ ಹೊತ್ತಿಗೆ ಮಾಡಿದರೆ ಸರಿ? "ಲೀಗಲ್ ಏಡ್‌ನಿಂದ ಮಾತಾಡ್ತಿದ್ದೀವಿ" ಎಂಬ ಒಂದು ಕರೆ ಗಂಡನ ಕೈಗೆ ಸಿಕ್ಕಿದರೆ ಆ ರಾತ್ರಿ ಏನಾಗಬಹುದು ಎಂಬುದನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಅಡಿ ವರದಿ ಅವರ ಮೂಲಕ ಹೋಗುತ್ತದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಗೋಪ್ಯತೆಗೂ ಒಂದು ಮಿತಿ ಇದೆ, ಅದನ್ನು ಮಾತು ಶುರುವಾಗುವ ಮೊದಲೇ ಕಕ್ಷಿದಾರರಿಗೆ ಹೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೋ ಕಾಯ್ದೆಯ 19ನೇ ಕಲಂ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ 6 ತಿಂಗಳವರೆಗೆ ಸಜೆಯಾಗಬಹುದು. ಇಂಥ ಮಾತು ಬಂದ ಕೂಡಲೇ ವಿದ್ಯಾರ್ಥಿ ಹೆಚ್ಚು ಕೆದಕದೆ, ಭರವಸೆಯನ್ನೂ ಕೊಡದೆ, ನಿಮ್ಮನ್ನೂ ವಕೀಲರನ್ನೂ ಕರೆಯಬೇಕು. ಮುಂದಿನ ವಾರದವರೆಗೆ ಕಾಯುವ ವಿಷಯ ಅದಲ್ಲ.

ಮೂಲ ಪತ್ರಗಳನ್ನು ಎಂದಿಗೂ ಇಟ್ಟುಕೊಳ್ಳಬೇಡಿ, ಒಂದು ರಾತ್ರಿಗೂ. ಅವರ ಎದುರಿಗೇ ಜೆರಾಕ್ಸ್ ಮಾಡಿಸಿ, ಕೈಗೆ ವಾಪಸು ಕೊಟ್ಟು, "ಮೂಲ ಹಿಂದಿರುಗಿಸಲಾಗಿದೆ" ಎಂದು ಸಹಿ ಪಡೆಯಿರಿ. ವಿದ್ಯಾರ್ಥಿಗಳ ಸ್ವಂತ ಫೋನಿನಲ್ಲಿ ಫೋಟೋ ಬೇಡ, ವಾಟ್ಸಾಪ್ ಗುಂಪಿನಲ್ಲಿ ಕಕ್ಷಿದಾರರ ಹೆಸರೂ ಬೇಡ, ಕಡತ ಸಂಖ್ಯೆ ಸಾಕು. ಪ್ರೀತಿಯಿಂದ ತಂದ ಬಾಳೆಹಣ್ಣಿನ ಚಿಪ್ಪನ್ನೂ ನಯವಾಗಿ ಬೇಡ ಎನ್ನುವುದನ್ನು ಕಲಿಸಿ. ವಾರ್ಷಿಕ ವರದಿಗೆ ಚಿತ್ರ ಬೇಕೆಂದು ಸಲಹೆ ಕೇಳಲು ಬಂದವರ ಫೋಟೋ ತೆಗೆಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಶಿಬಿರದ ಫೋಟೋ ಬೇರೆ, ಇದು ಬೇರೆ.

ಮೊದಲ ವರ್ಷ ಎಲ್ಲವನ್ನೂ ಹೊರಬೇಡಿ. ಮಾಹಿತಿ ಹಕ್ಕು, ಪಿಂಚಣಿ ಮತ್ತು ಪೌತಿ ಖಾತೆಯ (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಅರ್ಜಿ, ಗ್ರಾಹಕ ದೂರು, ಜೀವನಾಂಶ, ಚೆಕ್ ನೋಟಿಸಿನ ಕರಡು, ಲೋಕ ಅದಾಲತ್‌ಗೆ ವ್ಯಾಜ್ಯಪೂರ್ವ ಅರ್ಜಿ, ಇಷ್ಟು ಸಾಕು. ಲೋಕ ಅದಾಲತ್ತಿಗೆ ಕಳಿಸುವ ಮುಂಚೆ, ಅಲ್ಲಿ ಒಪ್ಪಿ ಸಹಿ ಹಾಕಿದ್ದಕ್ಕೆ ಮೇಲ್ಮನವಿ ಇಲ್ಲ ಎಂಬುದನ್ನು ಹೇಳಿಯೇ ಕಳಿಸಿ. ಬಂಧನವಾಗಿರುವ ಪ್ರಕರಣ ಬಂದರೆ ಆ ಗಂಟೆಯಲ್ಲೇ ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಿ. ಕ್ರಯಪತ್ರ, ಉಯಿಲುಗಳನ್ನು ಬರೆದುಕೊಡುವ ಕೆಲಸಕ್ಕೆ ಕೈಹಾಕಬೇಡಿ.

ಕೊನೆಯದಾಗಿ ಪರೀಕ್ಷೆಯ ಕಾಲ. ಕಾಲೇಜು ಕೇಂದ್ರಗಳು ಹೆಚ್ಚಾಗಿ ಸಾಯುವುದು ಆಗಲೇ. ಸೆಮಿಸ್ಟರ್ ಮುಗಿಯುವ ಆರು ವಾರ ಮೊದಲು ಹೊಸ ಕಡತ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಬಂದವರನ್ನು ನೇರ ತಾಲ್ಲೂಕು ಸಮಿತಿಗೆ ಕಳಿಸಿ. ತೆರೆದಿರುವ ಪ್ರತಿ ಕಡತದ ಮೇಲೆ ಒಂದು ಹಾಳೆ ಲಗತ್ತಿಸಿ: ಏನಾಗಿದೆ, ಏನು ಬಾಕಿ, ಮುಂದಿನ ಗಡುವು, ಕಕ್ಷಿದಾರರಿಗೆ ಹೇಳಿರುವ ಮಾತು. ಅಂತಿಮ ವರ್ಷದವರ ಪಕ್ಕದಲ್ಲಿ ಅವರಿಗಿಂತ ಒಂದು ತರಗತಿ ಕೆಳಗಿನ ಒಬ್ಬರನ್ನು ಆರಂಭದಿಂದಲೇ ಬರೆಯುವ ಕೆಲಸಕ್ಕೆ ಕೂರಿಸಿದ್ದರೆ, ಕಡತ ಅವರ ಕೈಗೆ ಹೋಗುವಾಗ ಕಕ್ಷಿದಾರರಿಗೆ ಮುಖ ಹೊಸದಾಗಿರುವುದಿಲ್ಲ. ಹಸ್ತಾಂತರದ ದಿನ ಇಬ್ಬರೂ ಕೂತು ಕಕ್ಷಿದಾರರಿಗೆ ಫೋನು ಮಾಡಲಿ, "ಇನ್ನು ಮುಂದೆ ಇವರು ನೋಡಿಕೊಳ್ಳುತ್ತಾರೆ" ಎಂದು ಹೇಳಲಿ. ಕೆಂಪು ಶಾಯಿಯ ಅಂಕಣದಲ್ಲಿ ರಜೆಯೊಳಗೆ ಬೀಳುವ ತಾರೀಖುಗಳನ್ನು ಬೇರೆ ಕಾಗದಕ್ಕೆ ಇಳಿಸಿ, ಒಂದು ಪ್ರತಿ ವಕೀಲರ ಮೇಜಿಗೆ, ಒಂದು ನಿಮ್ಮ ಮೇಜಿಗೆ.